ವಿಡಿಯೋ ಆಟಗಳ ವಿಮರ್ಶೆಯೂ ಪ್ರಕಾಶಕನ ಹಂಗೂ

ಕನ್ನಡದಲ್ಲಿ ವಿಮರ್ಶೆಯೆಂಬ ಮಾತು ಬಹುಕಾಲ ಗ್ರಂಥಗಳ ಸುತ್ತಲೇ ಬೆಳೆದು ಬಂದಿತು. ಅದನ್ನು ಚಲನಚಿತ್ರಕ್ಕೆ ವಿಸ್ತರಿಸುವಾಗ ವಿದ್ವಾಂಸರಲ್ಲಿ ಕೆಲವರು ಹಿಂಜರಿದದ್ದುಂಟು. ವಿಡಿಯೋ ಆಟಗಳ ವಿಷಯದಲ್ಲಿ ಈಗ ಅದೇ ಹಿಂಜರಿಕೆ ಕಾಣುತ್ತಿದೆ. ಆದರೆ ರಾಯಚೂರು ತಾಲ್ಲೂಕಿನ ಗಿಲ್ಲೆಸುಗೂರಿನಂಥ ಹೋಬಳಿಯ ಊರಿನಲ್ಲಾಗಲಿ, ದೇವದುರ್ಗ ಮಾನ್ವಿಗಳ ಬಸ್ಸುನಿಲ್ದಾಣಗಳಲ್ಲಾಗಲಿ ಸಂಜೆಯ ಹೊತ್ತು ಸ್ವಲ್ಪ ನಿಂತು ನೋಡಿದವರಿಗೆ, ಮೊಬೈಲಿನ ಆಟಗಳು ನಮ್ಮ ತರುಣರ ದಿನಚರಿಯಲ್ಲಿ ಎಷ್ಟು ಸ್ಥಳವನ್ನು ಆಕ್ರಮಿಸಿವೆಯೆಂಬುದಕ್ಕೆ ಬೇರೆ ಪ್ರಮಾಣ ಬೇಕಾಗುವುದಿಲ್ಲ. ೨೦೧೬ರ ಸೆಪ್ಟೆಂಬರಿನಲ್ಲಿ ಜಿಯೋ ಸಂಸ್ಥೆ ತನ್ನ ಸೇವೆಯನ್ನು ಆರಂಭಿಸಿದ ತರುವಾಯ ಇಂಟರ್‌ನೆಟ್ಟಿನ ಬೆಲೆ ಇಳಿಯಿತು. ನಗರದ ಕೆಲವರ ವಿನೋದವಾಗಿದ್ದುದು ಹೊಲದ ಬದುವಿನವರೆಗೂ ಹೋಯಿತು.

ಈ ಆಟಗಳನ್ನು ಕುರಿತು ನಮ್ಮಲ್ಲಿ ಕೇಳಿಬರುವ ಮಾತು ಬಹುಮಟ್ಟಿಗೆ ಎರಡೇ ಬಗೆಯದು. ಒಂದು ಹಿರಿಯರ ನಿಂದೆ. ಮತ್ತೊಂದು ಮಾರುವವರ ಸ್ತುತಿ. ನಿಂದಿಸುವವರು ಸಾಮಾನ್ಯವಾಗಿ ಆಡಿ ನೋಡಿದವರಲ್ಲ; ಸ್ತುತಿಸುವವರು ಅದರಿಂದ ಹಣ ಪಡೆಯುವವರು. ಆಡಿದವನು, ಯಾರ ಹಂಗಿಗೂ ಒಳಗಾಗದೆ, ಇದು ಹೀಗಿದೆ ಎಂದು ಹೇಳುವ ಮೂರನೆಯ ಮಾತಿಗೆ ಕನ್ನಡದಲ್ಲಿ ಇನ್ನೂ ಸರಿಯಾದ ನೆಲೆ ದೊರೆತಿಲ್ಲ. ಆ ಮಾತಿಗೆ ಅಡ್ಡಿಯಾಗಿರುವುದೇನು, ಅನ್ಯದೇಶಗಳಲ್ಲಿ ಅದು ಹೇಗೆ ಕೆಟ್ಟಿತು, ನಮ್ಮ ಕಾನೂನಿನ ದೃಷ್ಟಿಗೆ ಅದು ಏಕೆ ಬೀಳಲಿಲ್ಲ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಬೇಕೆಂದಿದ್ದೇವೆ. ನಾವೂ ಈ ಆಟಗಳನ್ನು ಆಡುವವರೇ ಆದುದರಿಂದ, ಇಲ್ಲಿಯ ಅಭಿಪ್ರಾಯಗಳಲ್ಲಿ ಆಟಗಾರನ ಪಕ್ಷಪಾತ ಸ್ವಲ್ಪ ಕಂಡರೆ ವಾಚಕರು ಆಶ್ಚರ್ಯಪಡಬೇಕಾಗಿಲ್ಲ.

ನಮ್ಮ ಹಳೆಯ ಆಟಗಳಿಗೆ ವಿಮರ್ಶಕನು ಬೇಕಾಗಿರಲಿಲ್ಲ. ಏಕೆಂದರೆ ಅವುಗಳಿಗೆ ಪ್ರಕಾಶಕನೇ ಇರಲಿಲ್ಲ. ಚೌಕಾಬಾರದ ಮನೆಯನ್ನು ಯಾರು ಬೇಕಾದರೂ ಸೀಮೆಸುಣ್ಣದಿಂದ ಕಟ್ಟೆಯ ಮೇಲೆ ಬರೆದುಕೊಳ್ಳಬಹುದಾಗಿತ್ತು. ಹಂಪೆಯ ದೇವಾಲಯಗಳ ನೆಲಗಲ್ಲುಗಳಲ್ಲಿ ಕೊರೆದ ಆಟದ ಮನೆಗಳನ್ನು ಇಂದಿಗೂ ನೋಡಬಹುದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಹೊಸ ಹೊಸ ಮಣೆಯಾಟಗಳನ್ನು ರಚಿಸಿದರೂ ಅವುಗಳನ್ನು ಮಾರಿ ಲಾಭ ಪಡೆಯುವ ಉದ್ದೇಶ ಅವರಿಗಿರಲಿಲ್ಲ. ಇದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಕವಡೆ ಹೇಗೆ ಬಿದ್ದಿತೆಂಬುದು ಎಲ್ಲರ ಕಣ್ಣೆದುರಿಗೇ ನಡೆಯುವುದು. ವಿಡಿಯೋ ಆಟದಲ್ಲಿ ಕವಡೆಯನ್ನು ಎಸೆಯುವುದು ಯಂತ್ರ; ಅದರ ಒಳನಿಯಮವನ್ನು ಬಲ್ಲವನು ಅದನ್ನು ಮಾಡಿದವನು ಮಾತ್ರ. ಕೊಳ್ಳುವವನಿಗೆ ಕಾಣದ ಈ ಒಳಭಾಗವಿರುವುದರಿಂದಲೇ, ಮೊದಲು ಆಡಿ ನೋಡಿ ಹೇಳುವವನೊಬ್ಬನು ಬೇಕಾಗುತ್ತಾನೆ.

ಇಲ್ಲಿ ಪರಿಭಾಷೆಯ ಮಾತೊಂದನ್ನು ಹೇಳಬೇಕು. ಆಟವನ್ನು ಕಟ್ಟುವವರು ಒಬ್ಬರು. ಅದಕ್ಕೆ ಹಣ ತೊಡಗಿಸಿ, ಹೆಸರು ಕೊಟ್ಟು, ಪ್ರಚಾರ ಮಾಡಿ ಮಾರುವವರು ಇನ್ನೊಬ್ಬರು. ಚಲನಚಿತ್ರದಲ್ಲಿ ಹಣ ಹಾಕುವವನಿಗೇ ನಿರ್ಮಾಪಕನೆಂಬ ಹೆಸರು ರೂಢಿಯಾಗಿರುವುದರಿಂದ, ಗೊಂದಲವಾಗದಂತೆ ನಾವು ಕಟ್ಟುವವರನ್ನು ತಯಾರಕರೆಂದೂ ಮಾರುವವರನ್ನು ಪ್ರಕಾಶಕರೆಂದೂ ಕರೆಯುತ್ತೇವೆ. ಕೆಲವು ವೇಳೆ ಇಬ್ಬರೂ ಒಂದೇ ಸಂಸ್ಥೆಯಾಗಿರುವುದುಂಟು. ಕರ್ನಾಟಕಕ್ಕೆ ತಯಾರಿಕೆಯ ಪರಿಚಯ ಹೊಸದಲ್ಲ. ೧೯೯೭ರಲ್ಲಿ ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರ್‌ಆಕ್ಟಿವ್ ಭಾರತದ ಮೊದಮೊದಲ ತಯಾರಿಕಾ ಸಂಸ್ಥೆಗಳಲ್ಲಿ ಒಂದು. ವಿದೇಶದ ಪ್ರಕಾಶಕರ ಆಟಗಳಿಗೆ ಬೇಕಾದ ಚಿತ್ರಕಾರ್ಯವನ್ನು ಅದು ವರ್ಷಗಟ್ಟಲೆ ಮಾಡಿಕೊಟ್ಟಿತು. ೨೦೧೯ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಸಂಸ್ಥೆ ಅದನ್ನು ಕೊಂಡು ಬೆಂಗಳೂರಿನ ತನ್ನ ಶಾಖೆಯಲ್ಲಿ ಸೇರಿಸಿಕೊಂಡಿತು. ಹೀಗೆ ಕೈಗಳು ನಮ್ಮವು, ಹೆಸರು ಮತ್ತೊಬ್ಬರದು ಎಂಬ ಸ್ಥಿತಿ ಈ ವ್ಯಾಪಾರದಲ್ಲಿ ಸಾಮಾನ್ಯ. ಆಟದ ಗುಣದೋಷಗಳಿಗೆ ತಯಾರಕನು ಕಾರಣನಾದರೂ, ಅದರ ಬಗ್ಗೆ ಲೋಕಕ್ಕೆ ಏನು ತಿಳಿಯಬೇಕೆಂಬುದನ್ನು ನಿರ್ಣಯಿಸುವವನು ಪ್ರಕಾಶಕ.

ವಿಮರ್ಶೆಗೆಂದು ಉಚಿತವಾಗಿ ಪ್ರತಿಯನ್ನು ಪಡೆಯುವುದು ತಪ್ಪೆಂದು ಹೇಳುವಂತಿಲ್ಲ. ನಮ್ಮ ಸಾಹಿತ್ಯ ಪತ್ರಿಕೆಗಳ ಪದ್ಧತಿ ವಾಚಕರಿಗೆ ತಿಳಿದೇ ಇದೆ. ವಿಮರ್ಶೆಗಾಗಿ ಎರಡು ಪ್ರತಿಗಳನ್ನು ಕಳುಹಿಸಿಕೊಡಬೇಕೆಂಬ ಸೂಚನೆ ಅಚ್ಚಾಗುತ್ತದೆ, ಬಂದ ಪುಸ್ತಕಗಳ ಪಟ್ಟಿ ‘ಸಾದರ ಸ್ವೀಕಾರ’ವೆಂಬ ತಲೆಬರಹದ ಕೆಳಗೆ ಬರುತ್ತದೆ, ಅವುಗಳಲ್ಲಿ ಕೆಲವಕ್ಕೆ ಮಾತ್ರ, ಅನಂತರ, ಬೇರೆ ಪುಟದಲ್ಲಿ ವಿಮರ್ಶೆ. ಈ ಏರ್ಪಾಟಿನಲ್ಲಿ ಒಂದು ಸೂಕ್ಷ್ಮವಾದ ನ್ಯಾಯಪ್ರಜ್ಞೆಯಿದೆಯೆಂದು ನಮಗೆ ತೋರುತ್ತದೆ. ಪುಸ್ತಕ ಬಂದಿತೆಂಬುದನ್ನು ಎಲ್ಲರೆದುರು ಒಪ್ಪಿಕೊಂಡು, ಕೃತಜ್ಞತೆಯನ್ನು ಅಲ್ಲಿಗೇ ಮುಗಿಸಿ, ಆಮೇಲೆ ವಿಮರ್ಶಕನು ಸ್ವತಂತ್ರನಾಗುತ್ತಾನೆ. ಸ್ವೀಕಾರವೂ ವಿಮರ್ಶೆಯೂ ಒಂದೇ ಪುಟದಲ್ಲಿ ಬೆರೆತುಹೋದರೆ ಆ ಸ್ವಾತಂತ್ರ್ಯ ಉಳಿಯುವುದಿಲ್ಲ.

ಆದರೆ ಪುಸ್ತಕಕ್ಕೂ ಆಟಕ್ಕೂ ಒಂದು ಭೇದವುಂಟು. ವಿಮರ್ಶಕನ ಕೈಗೆ ಬಂದ ಪುಸ್ತಕವೇ ಅಂಗಡಿಯಲ್ಲಿಯೂ ಇರುತ್ತದೆ. ಆಟದ ವಿಷಯದಲ್ಲಿ ಹಾಗೆಂದು ನಂಬಿಕೂಡುವಂತಿಲ್ಲ. ರಾಯಚೂರಿನ ಹತ್ತಿ ಮಾರುಕಟ್ಟೆಯನ್ನು ಕಂಡವರಿಗೆ ಈ ಅಂಶ ಸುಲಭವಾಗಿ ಮನದಟ್ಟಾಗುವುದು. ಅಲ್ಲಿ ಕೊಳ್ಳುವವನು ತಾನೇ ಅಂಡಿಗೆಯೊಳಕ್ಕೆ ಕೈಯಿಟ್ಟು ಹತ್ತಿಯನ್ನು ಹಿರಿದು, ಎಳೆದು, ತೇವ ನೋಡುತ್ತಾನೆ. ಮಾರುವವನು ಮೇಲಿನಿಂದ ಆರಿಸಿ ಕೊಟ್ಟ ಹಿಡಿಹತ್ತಿಯನ್ನು ನೋಡಿ ಯಾವ ದಲಾಲಿ ಅಂಗಡಿಯವರೂ ಬೆಲೆ ಕಟ್ಟಲಾರರು. ವಿಡಿಯೋ ಆಟಗಳ ವ್ಯಾಪಾರದಲ್ಲಿ ಮಾತ್ರ, ಬಹುಸಂದರ್ಭಗಳಲ್ಲಿ, ಮಾದರಿಯನ್ನು ಆರಿಸುವವನು ಮಾರುವವನೇ.

೨೦೨೦ರ ಡಿಸೆಂಬರ್ ೧೦ರಂದು ಪೋಲೆಂಡಿನ ಸಿ.ಡಿ. ಪ್ರೊಜೆಕ್ಟ್ ಸಂಸ್ಥೆ ಹೊರತಂದ ‘ಸೈಬರ್‌ಪಂಕ್ ೨೦೭೭’ ಎಂಬ ಆಟ ಇದಕ್ಕೆ ಒಳ್ಳೆಯ ನಿದರ್ಶನ. ಬಿಡುಗಡೆಗೆ ಮುನ್ನ ವಿಮರ್ಶಕರಿಗೆ ದೊರೆತದ್ದು ಕಂಪ್ಯೂಟರಿನಲ್ಲಿ ಆಡುವ ಪ್ರತಿ ಮಾತ್ರ. ಅವರು ತಾವು ಆಡಿದ ದೃಶ್ಯಗಳನ್ನು ತೋರಿಸಕೂಡದು, ಸಂಸ್ಥೆ ಒದಗಿಸಿದ ದೃಶ್ಯಗಳನ್ನೇ ಬಳಸಬೇಕೆಂಬ ನಿಬಂಧನೆಯೂ ಇತ್ತು. ವಿಮರ್ಶೆಗಳು ಹೊಗಳಿಕೆಯಿಂದ ತುಂಬಿದವು. ಹಳೆಯ ಪ್ಲೇಸ್ಟೇಷನ್ ಮತ್ತು ಎಕ್ಸ್‌ಬಾಕ್ಸ್ ಯಂತ್ರಗಳಿಗೆಂದು ಕೊಂಡವರು ಆಡತೊಡಗಿದ ಮೇಲೆ, ಆಟ ನಡುನಡುವೆ ನಿಂತುಹೋಗುವುದೂ ಚಿತ್ರಗಳು ಒಡೆದು ಕಾಣುವುದೂ ಬೆಳಕಿಗೆ ಬಂದಿತು. ಸುಮಾರು ಒಂದು ವಾರದಲ್ಲಿಯೇ ಸೋನಿ ಸಂಸ್ಥೆ ತನ್ನ ಮಳಿಗೆಯಿಂದ ಅದನ್ನು ತೆಗೆದುಹಾಕಿ ಹಣ ಹಿಂದಿರುಗಿಸುವುದಾಗಿ ಪ್ರಕಟಿಸಿತು. ೨೦೨೧ರ ಜೂನ್ ತಿಂಗಳವರೆಗೆ ಆಟ ಅಲ್ಲಿಗೆ ಮರಳಲಿಲ್ಲ. ವಿಮರ್ಶಕರು ಸುಳ್ಳು ಬರೆದರೆಂದು ಹೇಳಲಾಗುವುದಿಲ್ಲ. ಅವರು ಕಂಡದ್ದನ್ನೇ ಬರೆದರು. ಆದರೆ ಏನನ್ನು ಕಾಣಬೇಕೆಂಬುದನ್ನು ಬೇರೆಯವರು ಗೊತ್ತುಮಾಡಿದ್ದರು. ತಮಗೆ ಯಾವ ಪ್ರತಿ ದೊರೆಯಲಿಲ್ಲವೆಂಬುದನ್ನು ಮೊದಲ ವಾಕ್ಯದಲ್ಲಿಯೇ ಹೇಳಿದ್ದರೆ ವಾಚಕನಿಗೆ ಅಷ್ಟು ಸಾಕಾಗುತ್ತಿತ್ತು.

ಪ್ರತಿಯ ಹಂಗಿಗಿಂತ ಜಾಹೀರಾತಿನ ಹಂಗು ಪ್ರಬಲವಾದದ್ದು. ಆಟಗಳ ಪತ್ರಿಕೆಗೆ ಜಾಹೀರಾತು ಕೊಡುವವರು ಬಹುಪಾಲು ಆಟಗಳ ಪ್ರಕಾಶಕರೇ ಆಗಿರುತ್ತಾರೆ. ಅಮೆರಿಕದ ಗೇಮ್‌ಸ್ಪಾಟ್ ಪತ್ರಿಕೆಯಲ್ಲಿ ಜೆಫ್ ಗರ್ಸ್ಟ್‌ಮನ್ ಎಂಬ ಅನುಭವಿ ವಿಮರ್ಶಕರು ೨೦೦೭ರ ನವೆಂಬರಿನಲ್ಲಿ ಐಡಾಸ್ ಪ್ರಕಾಶಕರ ‘ಕೇನ್ ಅಂಡ್ ಲಿಂಚ್’ ಎಂಬ ಆಟಕ್ಕೆ ಹತ್ತಕ್ಕೆ ಆರು ಅಂಕ ಕೊಟ್ಟರು. ಆಗ ಪತ್ರಿಕೆಯ ಮುಖಪುಟವನ್ನು ಅದೇ ಆಟದ ಜಾಹೀರಾತು ಆವರಿಸಿತ್ತು. ಆ ತಿಂಗಳು ಮುಗಿಯುವುದರೊಳಗೆ ಅವರನ್ನು ಕೆಲಸದಿಂದ ತೆಗೆಯಲಾಯಿತು. ಜಾಹೀರಾತುದಾರರ ಒತ್ತಡ ಅದಕ್ಕೆ ಕಾರಣವಾಗಿತ್ತೆಂದು ೨೦೧೨ರಲ್ಲಿ, ಮಾತನಾಡುವ ಅವಕಾಶ ದೊರೆತಾಗ, ಅವರು ಬಹಿರಂಗವಾಗಿ ತಿಳಿಸಿದರು. ಹತ್ತಕ್ಕೆ ಆರು ಎಂಬುದು ನಮ್ಮ ಪರೀಕ್ಷೆಗಳಲ್ಲಿ ಪ್ರಥಮ ದರ್ಜೆ! ಆಟಗಳ ಪತ್ರಿಕೋದ್ಯಮದಲ್ಲಿ ಅದು ಅವಮಾನವೆನಿಸುವಷ್ಟು ಅಂಕಗಳು ಹಿಗ್ಗಿಹೋಗಿದ್ದುವು.

ಈ ಅಂಕಗಳ ಹಿಂದೆ ಅನ್ನದ ಪ್ರಶ್ನೆಯೂ ಇದೆ. ಅನೇಕ ವಿಮರ್ಶೆಗಳ ಅಂಕಗಳನ್ನು ಕೂಡಿಸಿ ಸರಾಸರಿ ತೆಗೆಯುವ ಮೆಟಾಕ್ರಿಟಿಕ್ ೨೦೦೧ರಲ್ಲಿ ಆರಂಭವಾಯಿತು. ೨೦೧೦ರಲ್ಲಿ ಬಂದ ‘ಫಾಲ್‌ಔಟ್: ನ್ಯೂ ವೇಗಸ್’ ಆಟದ ತಯಾರಕರಾದ ಆಬ್ಸಿಡಿಯನ್ ಸಂಸ್ಥೆಗೆ ಈ ಸರಾಸರಿ ೮೫ ಮುಟ್ಟಿದರೆ ಪ್ರಕಾಶಕರಿಂದ ಹೆಚ್ಚಿನ ಹಣ ಬರಬೇಕಾಗಿತ್ತು, ಬಂದ ಅಂಕ ೮೪. ಆಟ ಚೆನ್ನಾಗಿ ಮಾರಾಟವಾದರೂ ಆ ಹಣ ದೊರೆಯಲಿಲ್ಲವೆಂದು ಅದರ ರಚನೆಯಲ್ಲಿ ಪಾಲ್ಗೊಂಡ ಕ್ರಿಸ್ ಅವೆಲೋನ್ ೨೦೧೨ರಲ್ಲಿ ಹೇಳಿದರು. ತನ್ನ ಒಂದು ಅಂಕದಿಂದ ದೂರದ ತಯಾರಕರ ಸಂಬಳಕ್ಕೆ ಕುಂದು ಬರಬಹುದೆಂದು ತಿಳಿದಾಗ ವಿಮರ್ಶಕನು ಏನು ಮಾಡಬೇಕು? ಅಂಕವನ್ನೇ ಕೊಡಬಾರದೆಂಬುದು ನಮ್ಮ ಅಭಿಪ್ರಾಯ. ಕಾದಂಬರಿಯೊಂದಕ್ಕೆ ನೂರಕ್ಕೆ ಎಂಬತ್ತನಾಲ್ಕು ಎಂದು ಬರೆದವನನ್ನು ನೋಡಿ ನಗುವ ನಾವು ಆಟದ ವಿಷಯದಲ್ಲಿ ಮಾತ್ರ ಏಕೆ ಅದನ್ನು ಒಪ್ಪಬೇಕು?

ಪತ್ರಿಕೆಗಳ ಪ್ರಾಬಲ್ಯ ತಗ್ಗಿ, ಆಟಗಾರನೇ ತನ್ನ ಆಟವನ್ನು ಯೂಟ್ಯೂಬಿನಲ್ಲಿ ತೋರಿಸುತ್ತ ಮಾತನಾಡುವ ಕಾಲ ಬಂದಾಗ, ಈ ತೊಡಕುಗಳು ಬಗೆಹರಿದುವೆಂದು ಹಲವರು ಭಾವಿಸಿದರು. ಹಾಗಾಗಲಿಲ್ಲ. ೨೦೧೪ರಲ್ಲಿ ಬಂದ ‘ಶ್ಯಾಡೋ ಆಫ್ ಮಾರ್ಡಾರ್’ ಆಟದ ಪ್ರಚಾರಕ್ಕಾಗಿ ವಾರ್ನರ್ ಬ್ರದರ್ಸ್ ಸಂಸ್ಥೆ ಇಂಥ ಪ್ರಸಿದ್ಧ ಆಟಗಾರರಿಗೆ ನೂರಾರು ಡಾಲರುಗಳಿಂದ ಹಿಡಿದು ಹತ್ತಾರು ಸಾವಿರ ಡಾಲರುಗಳವರೆಗೆ ಕೊಟ್ಟಿತ್ತು. ಆಟದ ದೋಷಗಳನ್ನು ತೋರಿಸಕೂಡದೆಂಬುದು ಒಪ್ಪಂದದ ಷರತ್ತುಗಳಲ್ಲಿ ಒಂದು. ಹಣ ಪಡೆದ ಸಂಗತಿಯನ್ನು, ನೋಡುವವನು ಮತ್ತೊಂದು ಗುಂಡಿಯನ್ನು ಒತ್ತಿದರೆ ಮಾತ್ರ ಕಾಣುವಂತೆ, ವಿವರಣೆಯ ಅಡಿಯಲ್ಲಿ ಹುದುಗಿಸಲಾಗಿತ್ತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ೨೦೧೬ರಲ್ಲಿ ಇದನ್ನು ವಂಚನೆಯೆಂದು ಎತ್ತಿ ತೋರಿಸಿ, ಮುಂದೆ ಹಾಗೆ ಮಾಡದಂತೆ ಸಂಸ್ಥೆಯನ್ನು ಕಟ್ಟುಪಾಡಿಗೆ ಒಳಪಡಿಸಿತು.

ಆಟಗಾರರ ಕೂಗೆಲ್ಲ ನ್ಯಾಯದ ಕೂಗಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು. ೨೦೧೪ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ಎದ್ದ ‘ಗೇಮರ್‌ಗೇಟ್’ ಎಂಬ ಗದ್ದಲ ವಿಮರ್ಶೆಯ ನೀತಿಯ ಹೆಸರಿನಲ್ಲಿಯೇ ನಡೆಯಿತು. ಆಟ ರಚಿಸಿದ ಮಹಿಳೆಯೊಬ್ಬರು ಸ್ನೇಹದ ಬಲದಿಂದ ಅನುಕೂಲವಾದ ವಿಮರ್ಶೆ ಪಡೆದರೆಂಬುದು ಆರೋಪ. ಆ ಪತ್ರಕರ್ತರು ಆ ಆಟದ ವಿಮರ್ಶೆಯನ್ನು ಬರೆದೇ ಇರಲಿಲ್ಲ. ಆದರೂ ಆಟಗಳ ಕ್ಷೇತ್ರದ ಹಲವು ಮಹಿಳೆಯರು ತಿಂಗಳುಗಟ್ಟಲೆ ಬೆದರಿಕೆಗಳನ್ನು ಎದುರಿಸಿ, ಕೆಲವರು ಮನೆಯನ್ನೇ ಬಿಡಬೇಕಾಯಿತು. ಪ್ರಕಾಶಕರ ಹಂಗನ್ನು ಪ್ರಶ್ನಿಸಬೇಕಾಗಿದ್ದ ಕೋಪ, ಪ್ರಕಾಶಕರನ್ನು ಬಿಟ್ಟು, ರಕ್ಷಣೆಯಿಲ್ಲದ ಬಿಡಿ ವ್ಯಕ್ತಿಗಳ ಮೇಲೆ ಹರಿಯಿತು.

ಇದುವರೆಗೆ ಹೇಳಿದ್ದು ಹಣ ಕೊಟ್ಟು ಕೊಳ್ಳುವ ಆಟಗಳ ಮಾತು. ನಮ್ಮ ಭಾಗದ ತರುಣರು ಆಡುವುದು ಬಹುಮಟ್ಟಿಗೆ ಬೆಲೆಯಿಲ್ಲದೆ ದೊರೆಯುವ ಮೊಬೈಲಿನ ಆಟಗಳನ್ನು. ಇವುಗಳಲ್ಲಿ ಹೆಸರಾದ ಪಬ್‌ಜಿ ಮೊಬೈಲನ್ನು ಭಾರತ ಸರ್ಕಾರ ೨೦೨೦ರ ಸೆಪ್ಟೆಂಬರ್ ೨ರಂದು ಇತರ ೧೧೭ ಆ್ಯಪ್‌ಗಳೊಡನೆ ನಿಷೇಧಿಸಿತು. ದಕ್ಷಿಣ ಕೊರಿಯದ ಕ್ರಾಫ್ಟನ್ ಸಂಸ್ಥೆ ಅದನ್ನೇ ಹೋಲುವ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ವನ್ನು ೨೦೨೧ರ ಜುಲೈ ೨ರಂದು ಹೊರತಂದಿತು, ೨೦೨೨ರ ಜುಲೈನಲ್ಲಿ ಅದೂ ಮಳಿಗೆಗಳಿಂದ ಮರೆಯಾಗಿ, ೨೦೨೩ರ ಮೇ ಕೊನೆಯಲ್ಲಿ ಹಿಂದಿರುಗಿತು. ಇಂಥ ಆಟಕ್ಕೆ ಬೆಲೆಯಿಲ್ಲದಿರುವುದರಿಂದ, ಕೊಳ್ಳಬೇಕೇ ಬೇಡವೇ ಎಂಬ ಹಳೆಯ ವಿಮರ್ಶೆಯ ಪ್ರಶ್ನೆಗೆ ಇಲ್ಲಿ ಅರ್ಥವಿಲ್ಲ. ಪ್ರಕಾಶಕನ ಆದಾಯ ಬರುವುದು ಆಟ ಆರಂಭವಾದ ಮೇಲೆ: ವೇಷಭೂಷಣ, ಆಯುಧಗಳ ಬಣ್ಣ, ಒಳಗೇನಿದೆಯೆಂದು ತೆರೆಯುವವರೆಗೆ ತಿಳಿಯದ ಪೆಟ್ಟಿಗೆಗಳು. ಅಂಥ ಹಣದ ಪೆಟ್ಟಿಗೆಗಳನ್ನು ಬೆಲ್ಜಿಯಂ ದೇಶದ ಅಧಿಕಾರಿಗಳು ೨೦೧೮ರಲ್ಲಿ ಜೂಜೆಂದೇ ಪರಿಗಣಿಸಿದರು.

೨೦೨೧ರಲ್ಲಿ ಕ್ರಾಫ್ಟನ್ ಸಂಸ್ಥೆ ಹದಿನೆಂಟು ವರ್ಷದೊಳಗಿನವರಿಗೆ ದಿನಕ್ಕೆ ಮೂರು ಗಂಟೆಯ ಮಿತಿಯನ್ನೂ ದಿನಕ್ಕೆ ೭,೦೦೦ ರೂಪಾಯಿಯ ವೆಚ್ಚದ ಮಿತಿಯನ್ನೂ ಪ್ರಕಟಿಸಿತು. ಇದನ್ನು ಜವಾಬ್ದಾರಿಯ ಕ್ರಮವೆಂದೇ ವರ್ಣಿಸಲಾಯಿತು. ಆ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತರಿ ಯೋಜನೆಯ ದಿನಗೂಲಿ ೨೮೯ ರೂಪಾಯಿ. ಮಾನ್ವಿಯ ಕಡೆ ಕಾಲುವೆಯ ಹೂಳೆತ್ತುವ ಕೂಲಿಕಾರನು ಇಪ್ಪತ್ತನಾಲ್ಕು ದಿನ ದುಡಿದು ಗಳಿಸುವಷ್ಟನ್ನು ಅವನ ಮಗ ಒಂದೇ ದಿನದಲ್ಲಿ ವ್ಯಯಮಾಡಿದರೂ ಅದು ಮಿತಿಯೊಳಗೇ! ಬೆಂಗಳೂರಿನಲ್ಲೋ ಸೋಲ್ ನಗರದಲ್ಲೋ ಕುಳಿತವನಿಗೆ ಈ ಅಂಕಿ ಮಿತಿಯಂತೆ ಕಾಣಬಹುದು. ಅದನ್ನು ಗಿಲ್ಲೆಸುಗೂರಿನ ಅಳತೆಯಲ್ಲಿ ಅಳೆದು ಹೇಳುವುದೇ ಇಲ್ಲಿಯ ವಿಮರ್ಶಕನ ಕೆಲಸ. ಅದನ್ನು ಬೇರೆ ಯಾರೂ ಇವನಿಗಾಗಿ ಮಾಡಿಕೊಡಲಾರರು.

ಕಾನೂನು ಈ ದಿಕ್ಕಿನಲ್ಲಿ ಯೋಚಿಸಲಿಲ್ಲ. ಅದರ ಮುಂದಿದ್ದ ಪ್ರಶ್ನೆ ಯಾವಾಗಲೂ ಒಂದೇ: ಆಟ ಕೌಶಲದ್ದೋ ಅದೃಷ್ಟದ್ದೋ? ಈ ಪ್ರಶ್ನೆಯ ಮೂಲದಲ್ಲಿಯೂ ಕರ್ನಾಟಕದ ಸಂಬಂಧವಿದೆಯೆಂಬುದು ಕುತೂಹಲದ ವಿಷಯ. ಬೆಂಗಳೂರಿನಲ್ಲಿ ಅಚ್ಚಾಗಿ ಮುಂಬಯಿ ರಾಜ್ಯದಲ್ಲಿ ವಿಶೇಷವಾಗಿ ಪ್ರಚಾರದಲ್ಲಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆ ಪದಬಂಧದ ಬಹುಮಾನ ಸ್ಪರ್ಧೆಗಳನ್ನು ನಡೆಸುತ್ತಿತ್ತು. ಶುಲ್ಕ ಕಟ್ಟಿ ಉತ್ತರ ಕಳುಹಿಸಬೇಕು. ಒಂದೊಂದು ಸುಳಿವಿಗೂ ಹೊಂದುವ ಪದಗಳು ಹಲವಿದ್ದರೂ, ಪತ್ರಿಕೆಯವರು ಮೊದಲೇ ಗೊತ್ತುಮಾಡಿ ಇಟ್ಟ ಉತ್ತರಕ್ಕೆ ಸರಿಬಂದವನೇ ಗೆದ್ದವನು. ಮುಂಬಯಿ ಸರ್ಕಾರಕ್ಕೂ ಆರ್.ಎಂ.ಡಿ. ಚಮರ್‌ಬಾಗ್‌ವಾಲಾ ಅವರಿಗೂ ನಡೆದ ಈ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ೧೯೫೭ರಲ್ಲಿ ಇದನ್ನು ಜೂಜಿನ ಸ್ವರೂಪದ್ದೆಂದು ನಿರ್ಣಯಿಸಿತು. ಕೌಶಲವೇ ಪ್ರಧಾನವಾದ ಸ್ಪರ್ಧೆಗೆ ವ್ಯಾಪಾರದ ರಕ್ಷಣೆ ಉಂಟು, ಜೂಜಿಗೆ ಇಲ್ಲ ಎಂಬ ತತ್ತ್ವ ಅಂದಿನಿಂದ ನೆಲೆನಿಂತಿತು. ಆಟಗಾರನ ದೃಷ್ಟಿಯಿಂದ ನೋಡಿದರೆ, ಅಲ್ಲಿ ಅನ್ಯಾಯವಿದ್ದದ್ದು ಅದೃಷ್ಟದಲ್ಲಿ ಅಷ್ಟಾಗಿ ಅಲ್ಲ. ಪದಜ್ಞಾನದ ಸ್ಪರ್ಧೆಯೆಂದು ಕರೆದು, ನಿಜವಾಗಿ ಸಂಪಾದಕನ ಮನಸ್ಸನ್ನು ಊಹಿಸುವ ಸ್ಪರ್ಧೆಯನ್ನು ಮಾರಿದ್ದರಲ್ಲಿ. ಇಂದಿನ ಮುಚ್ಚಿದ ಪೆಟ್ಟಿಗೆಗೂ ಅಂದಿನ ಮುಚ್ಚಿಟ್ಟ ಉತ್ತರಕ್ಕೂ ನಾವು ಹೆಚ್ಚಿನ ಭೇದವನ್ನು ಕಾಣೆವು.

ಕರ್ನಾಟಕ ಸರ್ಕಾರ ಪೊಲೀಸ್ ಅಧಿನಿಯಮಕ್ಕೆ ತಿದ್ದುಪಡಿ ತಂದು, ೨೦೨೧ರ ಅಕ್ಟೋಬರ್ ೫ರಿಂದ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ೨೦೨೨ರ ಫೆಬ್ರವರಿ ೧೪ರಂದು ರಾಜ್ಯದ ಉಚ್ಚ ನ್ಯಾಯಾಲಯ, ಕೌಶಲದ ಆಟಗಳನ್ನೂ ಜೂಜಿನೊಡನೆ ಸೇರಿಸಿದ್ದು ಸಲ್ಲದೆಂದು ಆ ತಿದ್ದುಪಡಿಯ ಮುಖ್ಯ ವಿಧಿಗಳನ್ನು ರದ್ದುಮಾಡಿತು. ಸಂಸತ್ತು ಅಂಗೀಕರಿಸಿ, ೨೦೨೫ರ ಆಗಸ್ಟ್ ೨೨ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಆನ್‌ಲೈನ್ ಆಟಗಳ ಅಧಿನಿಯಮ, ಕೌಶಲವೋ ಅದೃಷ್ಟವೋ ಎಂಬ ಭೇದವನ್ನೆಣಿಸದೆ ಹಣದ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ವಿಧಿಗಳನ್ನು ಒಳಗೊಂಡಿದೆ. ಇದರಿಂದ ಒಂದು ಬಗೆಯ ಆಟಕ್ಕೆ ಪ್ರತಿಬಂಧಕ ಬಂದಿತು. ಹಣವನ್ನು ಪಣವಾಗಿಡದ ಉಳಿದ ಆಟಗಳ ಬಗ್ಗೆ ಯಾರು, ಯಾರಿಂದ ಏನನ್ನು ಪಡೆದು, ಏನು ಹೇಳುತ್ತಿದ್ದಾರೆಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ಆ ಪ್ರಶ್ನೆಗೆ ಉತ್ತರ ಬೇರೊಂದು ಕಡೆ ಇದೆ. ಅದನ್ನು ನಮ್ಮ ಆಟಗಾರರು ಅಷ್ಟಾಗಿ ಗಮನಿಸಿಲ್ಲ. ೨೦೧೯ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಪ್ರಕಾರ, ತಪ್ಪುದಾರಿಗೆಳೆಯುವ ಜಾಹೀರಾತಿಗಾಗಿ ಕೇಂದ್ರ ಪ್ರಾಧಿಕಾರ ಅದನ್ನು ಅನುಮೋದಿಸಿ ಮಾತನಾಡಿದವನಿಗೂ ಹತ್ತು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಮತ್ತೆ ಮಾಡಿದರೆ ಐವತ್ತು ಲಕ್ಷದವರೆಗೆ. ಹಣವನ್ನಾಗಲಿ ಉಚಿತ ವಸ್ತುವನ್ನಾಗಲಿ ಪಡೆದಿದ್ದರೆ ಅದನ್ನು ನೋಡುವವನಿಗೆ ತಿಳಿಯುವ ಸರಳ ಭಾಷೆಯಲ್ಲಿ ಪ್ರಕಟಿಸಬೇಕೆಂದು ಗ್ರಾಹಕ ವ್ಯವಹಾರಗಳ ಇಲಾಖೆ ೨೦೨೩ರ ಜನವರಿಯಲ್ಲಿ ಸೂಚನೆಗಳನ್ನು ಹೊರಡಿಸಿತು. ನಮ್ಮ ‘ಸಾದರ ಸ್ವೀಕಾರ’ದ ಅಂಕಣ ದಂಡದ ಭಯವಿಲ್ಲದೆಯೇ ಇದನ್ನು ಮಾಡಿಕೊಂಡು ಬಂದಿತ್ತು.

ನಮ್ಮ ಕಾಲೇಜುಗಳ ವಾರ್ಷಿಕ ಸಂಚಿಕೆಗಳಲ್ಲಿಯೂ ಭಿತ್ತಿಪತ್ರಿಕೆಗಳಲ್ಲಿಯೂ ವಿದ್ಯಾರ್ಥಿಗಳು ಇಂಥ ವಿಮರ್ಶೆಯನ್ನು ಬರೆಯಬಹುದೆಂದು ನಾವು ಅಧ್ಯಾಪಕ ಮಿತ್ರರಲ್ಲಿ ಸೂಚಿಸಿದಾಗ, ಆಟಕ್ಕೆ ಇದರಿಂದ ಮರ್ಯಾದೆ ಕೊಟ್ಟಂತಾಗುವುದಿಲ್ಲವೇ ಎಂದು ಆಕ್ಷೇಪಿಸಿದವರುಂಟು. ಮರ್ಯಾದೆಯನ್ನು ಜಾಹೀರಾತು ಈಗಾಗಲೇ ಕೊಟ್ಟುಬಿಟ್ಟಿದೆ. ವಿಮರ್ಶೆ ಕೊಡುವುದು ವಿವರವನ್ನು. ಬರೆಯುವವನು ಆಟವನ್ನು ಒಂದು ತಿಂಗಳಾದರೂ ಆಡಿರಬೇಕು. ಎಷ್ಟು ಗಂಟೆ ಆಡಿದನು, ಎಷ್ಟು ರೂಪಾಯಿ ಕೈಬಿಟ್ಟಿತು, ಹಣ ಹಾಕದಿದ್ದಾಗ ಆಟ ಅವನನ್ನು ಎಲ್ಲಿ ತಡೆದು ನಿಲ್ಲಿಸಿತು, ಪೆಟ್ಟಿಗೆಯಲ್ಲಿ ಬಯಸಿದ ವಸ್ತು ಬರುವ ಸಂಭವವೆಷ್ಟೆಂದು ಆಟದೊಳಗೆ ಎಲ್ಲಿಯಾದರೂ ಬರೆದಿದೆಯೇ ಎಂಬುದನ್ನು ದಿನದಿನವೂ ಗುರುತುಹಾಕಿಕೊಂಡಿರಬೇಕು. ಯಾವ ಮೊಬೈಲಿನಲ್ಲಿ ಆಡಿದನೆಂಬುದೂ ಮುಖ್ಯ. ಬೆಲೆಬಾಳುವ ಮೊಬೈಲನ್ನು ಹಿಡಿದು, ನಗರದ ವೇಗದ ಸಂಪರ್ಕದಲ್ಲಿ ಕುಳಿತವನ ವಿಮರ್ಶೆಯಿಂದ, ದೇವದುರ್ಗದ ಹಳ್ಳಿಯೊಂದರಲ್ಲಿ ಅಣ್ಣನ ಹಳೆಯ ಮೊಬೈಲಿನಲ್ಲಿ, ಸಿಗ್ನಲ್ಲು ಸಿಕ್ಕುವ ಮಾಳಿಗೆಯ ಮೂಲೆಯನ್ನು ಹುಡುಕಿಕೊಂಡು ಆಡುವ ಹುಡುಗನಿಗೆ ಆ ಆಟ ಹೇಗಿರುತ್ತದೆಂಬುದು ಎಳ್ಳಷ್ಟೂ ತಿಳಿಯುವುದಿಲ್ಲ. ಆ ಹುಡುಗನೇ ಬರೆದರೆ ತಿಳಿಯುತ್ತದೆ.